ಹೈಫಾ ಬೆಟ್ಟವೇರಿದ ಮೈಸೂರು ಸವಾರರು
ಆಸ್ಟ್ರೇಲಿಯಾದ ಸೇನಾನಿಯ ಕೈಕೆಳಗೆ ದುಡಿದ ಕನ್ನಡ ನಾಡಿನ ಕುದುರೆ ಪಡೆ

ತಂಪಾನೂರ್: ಸೆಪ್ಟೆಂಬರ್ 23 ಭಾರತೀಯ ಸೇನೆಯ 61ನೇ ಅಶ್ವದಳಕ್ಕೆ ಹಬ್ಬದ ದಿನ. 1918ರಲ್ಲಿ ಇದೇ ದಿನ ಭಾರತದ ಸಂಸ್ಥಾನಗಳ ಕುದುರೆ ಸವಾರರು ಭರ್ಜಿ ಹಿಡಿದು ಪ್ಯಾಲೆಸ್ಟೀನ್ ಕರಾವಳಿಯ ಹೈಫಾ ಪಟ್ಟಣವನ್ನು ಗೆದ್ದುಕೊಂಡರು. ಮಷಿನ್ ಗನ್ನುಗಳ ಎದುರು ಕುದುರೆಯ ಮೇಲೆ ನುಗ್ಗಿ ಊರೊಂದನ್ನು ವಶಪಡಿಸಿಕೊಂಡ ಉದಾಹರಣೆಗಳು ಆ ಮಹಾಯುದ್ಧದಲ್ಲಿ ತೀರಾ ವಿರಳ. ಆ ಸವಾರರಲ್ಲಿ ಒಂದು ಪಾಲು ಜೋಧಪುರದವರು, ಇನ್ನೊಂದು ಪಾಲು ನಮ್ಮ ಮೈಸೂರಿನವರು. ಅವರೆಲ್ಲರ ಮೇಲಿನ ದಂಡನಾಯಕ ಆಸ್ಟ್ರೇಲಿಯಾದ ಒಬ್ಬ ಕುದುರೆ ಸಿಪಾಯಿ.

ಜೋಧಪುರದ ಹೆಸರು ಈ ಕಥೆಯಲ್ಲಿ ಹೆಚ್ಚು ಕೇಳಿಬರುತ್ತದೆ. ಆಸ್ಟ್ರೇಲಿಯಾದವರ ಸಾಹಸವಂತೂ ಸಿನಿಮಾಗಳ ಮೂಲಕ ಜಗತ್ತಿನಾದ್ಯಂತ ಪ್ರಚಾರ ಪಡೆದಿದೆ. ಮೈಸೂರಿನವರ ಪಾಲು ಮಾತ್ರ ಕನ್ನಡಿಗರ ನಡುವೆಯೇ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಊರು ಬಿಟ್ಟು ಕೇರಳದಲ್ಲಿ ನೆಲೆನಿಂತು ಸಂಘ ಕಟ್ಟಿಕೊಂಡಿರುವ ಕನ್ನಡಿಗರು ತಮ್ಮ ಮಕ್ಕಳಿಗೆ ಹೇಳಬಹುದಾದ ಇತಿಹಾಸವಿದು.

ಆಸ್ಟ್ರೇಲಿಯಾದ ಕುದುರೆ ಸಿಪಾಯಿ

ಮೈಸೂರಿನವರ ಕಥೆಗೆ ಮುನ್ನ ಅವರ ಜೊತೆಗಾರರಾಗಿದ್ದ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಸಿಪಾಯಿಗಳ ಬಗ್ಗೆ ಎರಡು ಮಾತು ಅಗತ್ಯ. ಇವರು ಹೆಚ್ಚಾಗಿ ಹಳ್ಳಿಗಾಡಿನವರು. ದನ, ಕುರಿಗಳ ದೊಡ್ಡ ದೊಡ್ಡ ಹೊಲಗಳಲ್ಲಿ ಕುದುರೆಯ ಬೆನ್ನ ಮೇಲೆಯೇ ಬೆಳೆದವರು. ಆದರೆ ಹಳೆಯ ಅರ್ಥದ ಅಶ್ವಸೇನೆ ಇವರದಲ್ಲ. ಯುದ್ಧದ ಬಹುಕಾಲ ಇವರಿಗೆ ಕತ್ತಿಯೂ ಇರಲಿಲ್ಲ, ಭರ್ಜಿಯೂ ಇರಲಿಲ್ಲ; ಕೈಯಲ್ಲಿದ್ದುದು ರೈಫಲ್ಲು ಮತ್ತು ಬಯೊನೆಟ್. ಕುದುರೆಯ ಮೇಲೆ ವೇಗವಾಗಿ ಹೋಗಿ, ಇಳಿದು, ನೆಲದ ಮೇಲೆ ನಿಂತು ಕಾದುವುದು ಇವರ ಪದ್ಧತಿ. ನಾಲ್ಕು ಮಂದಿಯ ಒಂದೊಂದು ಗುಂಪಿನಲ್ಲಿ ಒಬ್ಬ ನಾಲ್ಕೂ ಕುದುರೆಗಳನ್ನು ಹಿಡಿದು ಹಿಂದೆ ನಿಲ್ಲುತ್ತಿದ್ದ. ಉಳಿದ ಮೂವರು ಮುಂದೆ ಹೋಗುತ್ತಿದ್ದರು. ಹಾಗಾಗಿ ಕಾಗದದ ಮೇಲಿನ ಬಲದಲ್ಲಿ ಕಾಲು ಭಾಗ ಯಾವಾಗಲೂ ಕುದುರೆ ಕಾಯುವುದರಲ್ಲೇ ಹೋಗುತ್ತಿತ್ತು.

1915ರಲ್ಲಿ ಈ ಪಡೆ ಕುದುರೆಗಳನ್ನು ಈಜಿಪ್ಟಿನಲ್ಲೇ ಬಿಟ್ಟು ಗಾಲಿಪೊಲಿಯ ಕಂದಕಗಳಲ್ಲಿ ಕಾಲಾಳುಗಳಾಗಿ ಹೋರಾಡಿತು. ಮರಳಿದ ಮೇಲೆ ಸಿನಾಯ್ ಮರುಭೂಮಿಯಲ್ಲಿ ಮತ್ತೆ ಕುದುರೆಯೇರಿತು. 1917ರ ಅಕ್ಟೋಬರ್ 31ರ ಸಂಜೆ 4 ಮತ್ತು 12ನೇ ಲೈಟ್ ಹಾರ್ಸ್ ರೆಜಿಮೆಂಟುಗಳ ಸುಮಾರು 800 ಸವಾರರು ಕೈಯಲ್ಲಿ ಬಯೊನೆಟ್ ಹಿಡಿದು ಬೀರ್‌ಷೆಬಾ ಊರಿನ ಕಂದಕಗಳ ಮೇಲಿಂದ ಹಾರಿ ಒಳನುಗ್ಗಿದರು. ಅವಸರಕ್ಕೆ ಕಾರಣ ನೀರು. ಬಾಯಾರಿದ ಸಾವಿರಾರು ಕುದುರೆಗಳಿಗೆ ಆ ಊರಿನ ಬಾವಿಗಳು ಬೇಕಾಗಿದ್ದವು. ಕತ್ತಲಾದರೆ ಶತ್ರು ಬಾವಿಗಳನ್ನು ಸಿಡಿಸಿಬಿಡುವ ಭಯವಿತ್ತು. 31 ಮಂದಿ ಸತ್ತರು, 36 ಮಂದಿ ಗಾಯಗೊಂಡರು. ಬಾವಿಗಳು ಹೆಚ್ಚುಕಡಿಮೆ ಉಳಿದುಕೊಂಡವು.

ಬೀರ್‌ಷೆಬಾದಲ್ಲಿ ಆ ಆಜ್ಞೆ ಕೊಟ್ಟವರು ಲೆಫ್ಟಿನೆಂಟ್ ಜನರಲ್ ಹ್ಯಾರಿ ಶೊವೆಲ್. ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಟಬುಲಮ್‌ನಲ್ಲಿ 1865ರಲ್ಲಿ ಹುಟ್ಟಿದ ಅವರು ಒಂದು ಸೇನಾ ಕೋರ್‌ನ ಮುಖ್ಯಸ್ಥರಾದ ಮೊದಲ ಆಸ್ಟ್ರೇಲಿಯನ್ನರು. ಅವರ ಕೈಕೆಳಗಿನ ಡೆಸರ್ಟ್ ಮೌಂಟೆಡ್ ಕೋರ್‌ನಲ್ಲಿ 1918ರ ಬೇಸಿಗೆಯ ಹೊತ್ತಿಗೆ ನಾಲ್ಕು ಡಿವಿಜನ್‌ಗಳಿದ್ದವು. ಎರಡು ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರವು. ಉಳಿದೆರಡು, ಅಂದರೆ 4 ಮತ್ತು 5ನೇ ಕ್ಯಾವಲ್ರಿ ಡಿವಿಜನ್‌ಗಳಲ್ಲಿ ಭಾರತೀಯ ಸವಾರರೇ ಬಹುಪಾಲು. ಮೈಸೂರು ಲ್ಯಾನ್ಸರ್ಸ್ ಇದ್ದುದು 5ನೇ ಡಿವಿಜನ್ನಿನಲ್ಲಿ.

ಬೆಂಗಳೂರಿನಿಂದ ಸೂಯೆಜ್‌ಗೆ

ಮೈಸೂರು ಲ್ಯಾನ್ಸರ್ಸ್ ಬ್ರಿಟಿಷ್ ಸರ್ಕಾರದ ದಳವಲ್ಲ, ಮೈಸೂರು ಅರಸರ ದಳ. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸೈನ್ಯವಿಟ್ಟುಕೊಂಡು, ತಮ್ಮದೇ ಅಧಿಕಾರಿಗಳ ಕೈಯಲ್ಲಿ ನಡೆಸಿ, ಯುದ್ಧ ಬಂದಾಗ ಸಾಮ್ರಾಜ್ಯಕ್ಕೆ ಒದಗಿಸಬೇಕೆಂಬ ‘ಇಂಪೀರಿಯಲ್ ಸರ್ವೀಸ್’ ಯೋಜನೆ 19ನೇ ಶತಮಾನದ ಕೊನೆಯಲ್ಲಿ ಜಾರಿಗೆ ಬಂತು. ಬ್ರಿಟಿಷ್ ಅಧಿಕಾರಿಗಳು ತರಬೇತಿ ಮತ್ತು ತಪಾಸಣೆಗೆ ಬರುತ್ತಿದ್ದರು. ಆದರೆ ಸವಾರನ ಸಂಬಳ ಸಂದಾಯವಾಗುತ್ತಿದ್ದುದು ಸಂಸ್ಥಾನದ ಬೊಕ್ಕಸದಿಂದ.

1914ರಲ್ಲಿ ಯುದ್ಧ ಶುರುವಾದಾಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು. ಮಹಾರಾಜರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಹಣದ ಜೊತೆಗೆ ಜನವೂ ಹೋಯಿತು. ಬಿ. ಚಾಮರಾಜ ಅರಸರ ಮುಂದಾಳ್ತನದಲ್ಲಿ ಮೈಸೂರು ಲ್ಯಾನ್ಸರ್ಸ್ ಅಕ್ಟೋಬರ್‌ನಲ್ಲಿ ಬೆಂಗಳೂರು ಬಿಟ್ಟು, ಮುಂಬಯಿಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೊರಟಿತು. ಅರಸು ಮನೆತನದವರ ಜೊತೆ ಮುಸ್ಲಿಮರು, ಮರಾಠರು ಎಲ್ಲರೂ ಈ ದಳದಲ್ಲಿದ್ದರು. ಅಧಿಕಾರಿಗಳಲ್ಲಿ ಮೀರ್ ತುರಾಬ್ ಅಲಿಯವರ ಹೆಸರು ಎದ್ದು ಕಾಣುತ್ತದೆ. ಅದೇ ನವೆಂಬರ್‌ನಲ್ಲಿ ತುರ್ಕಿಯ ಸುಲ್ತಾನರು ಖಲೀಫರ ಹೆಸರಿನಲ್ಲಿ ಧರ್ಮಯುದ್ಧ ಸಾರಿದರು. ತುರ್ಕಿಯ ವಿರುದ್ಧವೇ ನಿಲ್ಲಬೇಕಾದ ಮುಸ್ಲಿಂ ಸವಾರನಿಗೆ ಇದೆಷ್ಟು ಕಠಿಣ ಪರೀಕ್ಷೆಯಾಗಿತ್ತೆಂದು ಊಹಿಸಬಹುದು. ಆದರೂ ದಳ ಒಡೆಯಲಿಲ್ಲ.

ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಭಾರತ, ಆಸ್ಟ್ರೇಲಿಯಾ ಎರಡರಿಂದಲೂ ಯುರೋಪಿಗೆ ಹೋಗುವ ಹಡಗುಗಳಿಗೆ ಅದೇ ದಾರಿ. 1915ರ ಫೆಬ್ರವರಿಯಲ್ಲಿ ತುರ್ಕಿ ಪಡೆ ಸಿನಾಯ್ ದಾಟಿ ಬಂದು ಕಾಲುವೆಯ ಮೇಲೆ ದಾಳಿ ಮಾಡಿ ವಿಫಲವಾಯಿತು. ಮುಂದಿನ ತಿಂಗಳುಗಳು ಗಸ್ತಿನ ತಿಂಗಳುಗಳು. ಮಳೆನಾಡು, ಬಯಲುಸೀಮೆ ಕಂಡವರಿಗೆ ಮರಳುಗಾಡು ಹೊಸದು. ಅಲ್ಲಿ ಒಂದು ದಿನಕ್ಕೆ ಎಷ್ಟು ದೂರ ಹೋಗಬಹುದೆಂಬುದನ್ನು ತೀರ್ಮಾನಿಸುತ್ತಿದ್ದುದು ಶತ್ರುವಲ್ಲ, ನೀರು. ಒಂದು ಕುದುರೆಗೆ ದಿನಕ್ಕೆ ಇಪ್ಪತ್ತು ಲೀಟರಿಗೂ ಹೆಚ್ಚು ನೀರು ಬೇಕು. ಬ್ರಿಟಿಷರು ಸಿನಾಯ್‌ನುದ್ದಕ್ಕೂ ರೈಲು ಹಳಿ ಹಾಸಿ, ಜೊತೆಗೇ ನೀರಿನ ಕೊಳವೆ ಎಳೆದುಕೊಂಡು ನಿಧಾನವಾಗಿ ಮುಂದೆ ಹೋದರು.

1917ರ ನವೆಂಬರ್ 7ರಂದು ಗಾಜಾ ಕೈಸೇರಿದಾಗ ಪಾಳುಬಿದ್ದ ಆ ಊರಿನ ಮೂಲಕ ಉತ್ತರಕ್ಕೆ ಹಾದುಹೋದ ಕುದುರೆ ಪಡೆಯೆಂದರೆ ಮೈಸೂರು, ಹೈದರಾಬಾದ್ ಲ್ಯಾನ್ಸರ್ಸ್ ಇದ್ದ ಇದೇ ಬ್ರಿಗೇಡ್. ಬೀರ್‌ಷೆಬಾದಲ್ಲಿ ಆಸ್ಟ್ರೇಲಿಯನ್ನರು ನುಗ್ಗಿ ಆಗ ಇನ್ನೂ ಒಂದು ವಾರವಷ್ಟೇ ಕಳೆದಿತ್ತು.

ಒಂದೇ ದಿನ, ಒಂದೇ ಕಣಿವೆ

1918ರಲ್ಲಿ ಜೋಧಪುರ ಲ್ಯಾನ್ಸರ್ಸ್ ಫ್ರಾನ್ಸಿನಿಂದ ಬಂದು ಬ್ರಿಗೇಡನ್ನು ಸೇರಿಕೊಂಡಿತು. ಮೈಸೂರು, ಹೈದರಾಬಾದ್, ಜೋಧಪುರಗಳ ಈ ಕೂಟಕ್ಕೆ 15ನೇ ಇಂಪೀರಿಯಲ್ ಸರ್ವೀಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಹೆಸರು. ಬ್ರಿಗೇಡಿಯರ್ ಜನರಲ್ ಹಾರ್ಬೋರ್ಡ್ ಇದರ ಮುಖ್ಯಸ್ಥರು.

ಆ ಬೇಸಿಗೆಯನ್ನು ಇವರು ಕಳೆದದ್ದು ಜೋರ್ಡಾನ್ ಕಣಿವೆಯಲ್ಲಿ. ಸಮುದ್ರ ಮಟ್ಟಕ್ಕಿಂತ ಮುನ್ನೂರು ಮೀಟರಿಗೂ ಕೆಳಗಿರುವ ಈ ತಗ್ಗಿನಲ್ಲಿ ಸೆಕೆ, ಧೂಳು, ಸೊಳ್ಳೆ ಮೂರೂ ವಿಪರೀತ. ಮಲೇರಿಯಾದಿಂದ ದಿನವೂ ಜನ ಆಸ್ಪತ್ರೆ ಸೇರುತ್ತಿದ್ದರು. ಆಸ್ಟ್ರೇಲಿಯನ್ನರೂ ಭಾರತೀಯರೂ ಅಕ್ಕಪಕ್ಕದಲ್ಲೇ ಬಿಡಾರ ಹೂಡಿದ್ದರು.

1918ರ ಜುಲೈ 14ರಂದು ಇಬ್ಬರಿಗೂ ಏಕಕಾಲದಲ್ಲಿ ಪರೀಕ್ಷೆ ಎದುರಾಯಿತು. ಬೆಳಗಿನ ಜಾವ ಅಬು ತೆಲ್ಲುಲ್ ಗುಡ್ಡಗಳ ಮೇಲೆ ಜರ್ಮನ್ ಬೆಟಾಲಿಯನ್‌ಗಳು ಎರಗಿದವು. ಅಲ್ಲಿದ್ದ 1ನೇ ಲೈಟ್ ಹಾರ್ಸ್ ಬ್ರಿಗೇಡ್ ಸುತ್ತುವರಿಯಲ್ಪಟ್ಟರೂ ಜಾಗ ಬಿಡಲಿಲ್ಲ. ಪ್ರತಿದಾಳಿ ಮಾಡಿ ಮುನ್ನೂರಕ್ಕೂ ಹೆಚ್ಚು ಜರ್ಮನರನ್ನು ಸೆರೆಹಿಡಿಯಿತು. ಅದೇ ದಿನ ದಕ್ಷಿಣದಲ್ಲಿ, ಎಲ್ ಹೆನು ಎಂಬ ಕಡವಿನ ಬಳಿ ಹೊಳೆಯಾಚೆ ಜಮಾಯಿಸುತ್ತಿದ್ದ ತುರ್ಕಿ ಅಶ್ವಪಡೆಯ ಮೇಲೆ ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ ಹಿಡಿದು ಬಿದ್ದರು. ಸುಮಾರು ತೊಂಬತ್ತು ಮಂದಿ ಶತ್ರುಗಳು ಭರ್ಜಿಗೆ ಬಲಿಯಾದರು. ಹೆಚ್ಚುಕಡಿಮೆ ಅಷ್ಟೇ ಮಂದಿ ಸೆರೆಯಾದರು. ಲೈಟ್ ಹಾರ್ಸ್ ಸಿಪಾಯಿ ಕೆಳಗಿಳಿದು ರೈಫಲ್ಲಿನಿಂದ ಕಾದಿದ, ಮೈಸೂರಿನ ಸವಾರ ಜೀನಿನ ಮೇಲೆ ಕುಳಿತೇ ಕಾದಿದ. ಎರಡು ಯುದ್ಧ ಪದ್ಧತಿಗಳು ಒಂದೇ ಕಣಿವೆಯಲ್ಲಿ, ಒಂದೇ ದಿನ ಗೆದ್ದವು.

ಸೆಪ್ಟೆಂಬರ್ 23

1918ರ ಸೆಪ್ಟೆಂಬರ್‌ನಲ್ಲಿ ಜನರಲ್ ಅಲೆನ್‌ಬಿ ಕೊನೆಯ ದೊಡ್ಡ ದಾಳಿಗೆ ಸಜ್ಜಾದರು. ಕುದುರೆ ಪಡೆ ಇನ್ನೂ ಜೋರ್ಡಾನ್ ಕಣಿವೆಯಲ್ಲೇ ಇದೆಯೆಂದು ಶತ್ರುವನ್ನು ನಂಬಿಸಲು ಕಂಬಳಿ, ಕ್ಯಾನ್ವಾಸ್, ಹುಲ್ಲಿನಿಂದ ಸಾವಿರಾರು ಬೊಂಬೆ ಕುದುರೆಗಳನ್ನು ಮಾಡಿ ಸಾಲಾಗಿ ನಿಲ್ಲಿಸಲಾಯಿತು. ನಿಜವಾದ ಕುದುರೆಗಳು ರಾತ್ರಿ ಹೊತ್ತು ನಡೆದು ಜಾಫಾ ಬಳಿಯ ಕಿತ್ತಳೆ ತೋಟಗಳಲ್ಲಿ ಅಡಗಿದವು. ಸೆಪ್ಟೆಂಬರ್ 19ರಂದು ಕಾಲಾಳುಗಳು ಶತ್ರುವಿನ ಸಾಲಿನಲ್ಲಿ ಕಂಡಿ ಮಾಡಿಕೊಟ್ಟೊಡನೆ ಕುದುರೆ ಪಡೆ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹರಿಯಿತು. ಮರುದಿನ ಬೆಳಗಿಗೆ 5ನೇ ಡಿವಿಜನ್ನಿನ ಮುಂಚೂಣಿ ನಜರೇತ್ ತಲುಪಿತ್ತು.

ಹೈಫಾ ಮಾತ್ರ ಉಳಿದಿತ್ತು. ಸೇನೆಗೆ ಸಾಮಾನು ಇಳಿಸಲು ಅಲ್ಲಿನ ಬಂದರು ಬೇಕು. 22ರಂದು ಶಸ್ತ್ರಸಜ್ಜಿತ ಮೋಟಾರುಗಳನ್ನು ಕಳಿಸಿದ್ದು ಫಲಿಸಲಿಲ್ಲ. ಬೆಟ್ಟದ ಮೇಲಿನ ಫಿರಂಗಿಗಳು ಅವನ್ನು ಹಿಂದಕ್ಕಟ್ಟಿದವು. ಹೈಫಾ ಊರಿನ ನೆಲೆ ಹೀಗಿದೆ: ಒಂದು ಬದಿ ಸಮುದ್ರ, ಇನ್ನೊಂದು ಬದಿ ಕಾರ್ಮೆಲ್ ಬೆಟ್ಟ. ಬೆಟ್ಟದ ಬುಡದಲ್ಲಿ ರಸ್ತೆ, ರೈಲು ಹಳಿ. ಅದರಾಚೆ ಕೆಸರು ತುಂಬಿದ ಕಿಶೋನ್ ಹೊಳೆ. ಬರುವವರು ಬೆಟ್ಟಕ್ಕೂ ಹೊಳೆಗೂ ನಡುವಿನ ಕಿರಿದಾದ ಪಟ್ಟಿಯಲ್ಲೇ ಬರಬೇಕು. ಬೆಟ್ಟದ ಮೇಲೆ ಆಸ್ಟ್ರಿಯನ್ ಫಿರಂಗಿಗಳು, ಇಳಿಜಾರಿನಲ್ಲಿ ಮಷಿನ್ ಗನ್ನುಗಳು.

23ರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಬ್ರಿಗೇಡ್ ಬಲದ್ ಅಲ್ ಶೇಖ್ ಹಳ್ಳಿ ಸಮೀಪಿಸಿತು. ಹೈದರಾಬಾದ್ ಲ್ಯಾನ್ಸರ್ಸ್ ಸೆರೆಯಾಳುಗಳನ್ನು ಕಾಯಲು ಹಿಂದೆ ಉಳಿದಿತ್ತು. ಇದ್ದುದು ಮೈಸೂರು ಮತ್ತು ಜೋಧಪುರ ಮಾತ್ರ, ಬೆಂಬಲಕ್ಕೆ ಒಂದು ಬ್ರಿಟಿಷ್ ಫಿರಂಗಿ ಬ್ಯಾಟರಿ.

ಹಾರ್ಬೋರ್ಡ್ ಅವರ ಲೆಕ್ಕಾಚಾರ ಸರಳವಾಗಿತ್ತು. ಜೋಧಪುರದವರು ಕೆಳಗಿನ ಪಟ್ಟಿಯಲ್ಲಿ ನೇರ ಊರಿನತ್ತ ನುಗ್ಗಬೇಕು. ಅದಕ್ಕೂ ಮುಂಚೆ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಬೇಕು. ಆ ಕೆಲಸ ಮೈಸೂರಿನ ಒಂದು ಸ್ಕ್ವಾಡ್ರನ್ನಿಗೆ ಬಂತು. ಬಲದ್ ಅಲ್ ಶೇಖ್‌ನಿಂದ ಕಾರ್ಮೆಲ್ ಬೆಟ್ಟಕ್ಕೆ ಏರುವ ಕಡಿದಾದ ಕಾಲುದಾರಿಯಲ್ಲಿ ಈ ಸ್ಕ್ವಾಡ್ರನ್ ಕುದುರೆಗಳೊಂದಿಗೆ ಹತ್ತಿತು. ಮೈಸೂರಿನ ಇನ್ನೊಂದು ಸ್ಕ್ವಾಡ್ರನ್ನನ್ನು ಊರಿನ ಪೂರ್ವ, ಉತ್ತರದ ಕಡೆಗೆ ಕಳಿಸಲಾಯಿತು. ಮಿಕ್ಕವರು ಜೋಧಪುರದವರ ಬೆನ್ನಿಗೆ ನಿಂತರು.

ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಹೊರಟರು. ಮೊದಲು ಹೊಳೆ ದಾಟಲು ನೋಡಿದರು. ಮುಂದೆ ಹೋದವರ ಕುದುರೆಗಳು ಹೂಳಿನಲ್ಲಿ ಸಿಕ್ಕಿಬಿದ್ದವು. ಗುಂಡಿನ ಮಳೆಯ ನಡುವೆಯೇ ದಿಕ್ಕು ಬದಲಿಸಿ ಎಡಕ್ಕೆ, ಬೆಟ್ಟದ ಬುಡಕ್ಕೆ ತಿರುಗಿ, ಮಷಿನ್ ಗನ್ ಇಟ್ಟವರ ಮೇಲೇ ಬಿದ್ದರು. ದಾರಿ ತೆರೆಯಿತು, ಹಿಂದಿನ ಸ್ಕ್ವಾಡ್ರನ್‌ಗಳು ನೇರವಾಗಿ ಊರಿನ ಬೀದಿಗಳಿಗೆ ನುಗ್ಗಿದವು. ಮೈಸೂರಿನ ಸವಾರರೂ ಅವರ ಜೊತೆಗೂಡಿದರು. ಜೋಧಪುರದ ಮೇಜರ್ ಠಾಕೂರ್ ದಲಪತ್ ಸಿಂಗ್ ಅಲ್ಲಿ ಮಾರಣಾಂತಿಕವಾಗಿ ಗಾಯಗೊಂಡರು. ‘ಹೈಫಾದ ವೀರ’ನೆಂದು ಇಂದಿಗೂ ಸ್ಮರಿಸಲ್ಪಡುವವರು ಅವರೇ.

ಬೆಟ್ಟದ ಮೇಲಿನ ಹದಿನೈದು ಮಂದಿ

ಅದೇ ಹೊತ್ತಿಗೆ ಬೆಟ್ಟದ ಮೇಲೆ ನಡೆದದ್ದು ಕಡಿಮೆ ಪ್ರಚಾರ ಪಡೆದ, ಆದರೆ ಅಷ್ಟೇ ಮುಖ್ಯವಾದ ಘಟನೆ. ಕಲ್ಲು ಮುಳ್ಳಿನ ದಾರಿ ಹತ್ತುವಾಗ ಹಲವು ಕುದುರೆಗಳು ಕುಂಟಾಗಿ ಹಿಂದೆ ಬಿದ್ದವು. ಫಿರಂಗಿಗಳ ನೆಲೆ ಕಣ್ಣಿಗೆ ಬಿದ್ದಾಗ ಸ್ಕ್ವಾಡ್ರನ್ನಿನ ಮುಖಂಡರು ಮಷಿನ್ ಗನ್ನು, ಹಾಚ್‌ಕಿಸ್ ಗನ್ನುಗಳವರನ್ನು ಒಂದೆಡೆ ಕೂರಿಸಿ ಗುಂಡು ಹಾರಿಸಲು ಹೇಳಿದರು. ಇಷ್ಟೆಲ್ಲ ಆದ ಮೇಲೆ ಕುದುರೆಯ ಮೇಲೆ ಉಳಿದವರು ಕೇವಲ 15 ಮಂದಿ. ಆ ಹದಿನೈದು ಮಂದಿಯೇ ಭರ್ಜಿ ನೀಡಿ ಫಿರಂಗಿಗಳ ಮೇಲೆ ಬಿದ್ದರು.

ಒಂದು 6 ಇಂಚಿನ ನೌಕಾ ಫಿರಂಗಿ, ಎರಡು ಬೆಟ್ಟದ ಫಿರಂಗಿ, ಎರಡು ಮಷಿನ್ ಗನ್ನು, 78 ಮಂದಿ ಸೆರೆಯಾಳುಗಳು ಅವರ ಕೈಸೇರಿದರು. ಒಬ್ಬೊಬ್ಬ ಸವಾರನಿಗೆ ಐವರು ಸೆರೆಯಾಳುಗಳೆಂದು ಲೆಕ್ಕ.

ದಿನದ ಕೊನೆಗೆ ಹೈಫಾ ಬ್ರಿಗೇಡಿನ ವಶವಾಗಿತ್ತು. ಒಟ್ಟು 1,350 ಮಂದಿ ಸೆರೆಯಾದರು. 17 ಫಿರಂಗಿ, 11 ಮಷಿನ್ ಗನ್ನು ಸಿಕ್ಕವು. ಬ್ರಿಗೇಡಿನ ಕಡೆ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು. ಕುದುರೆಗಳು ಹೆಚ್ಚು ಬೆಲೆ ತೆತ್ತವು: 60 ಸತ್ತವು, 83 ಗಾಯಗೊಂಡವು. ಸುಮಾರು ಒಂಬತ್ತು ಅಡಿಯ ಭರ್ಜಿ ಮಷಿನ್ ಗನ್ನನ್ನು ಗೆದ್ದಿತೆಂದರೆ ಅದಕ್ಕೆ ವೇಗವೇ ಕಾರಣ. ಗನ್ನಿನವನು ಗುರಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಸವಾರ ಮೈಮೇಲೆ ಬಂದಿರುತ್ತಿದ್ದ.

ಅಲೆಪ್ಪೊದ ಹೊರಗೆ

ಹೈಫಾದೊಂದಿಗೆ ಅವರ ಯುದ್ಧ ಮುಗಿಯಲಿಲ್ಲ. ಅಕ್ಟೋಬರ್ 1ರಂದು ಆಸ್ಟ್ರೇಲಿಯಾದ 10ನೇ ಲೈಟ್ ಹಾರ್ಸ್ ಬೆಳಗಿನ ಜಾವವೇ ಡಮಾಸ್ಕಸ್ ಹೊಕ್ಕಿತು. 5ನೇ ಡಿವಿಜನ್ ಡಮಾಸ್ಕಸ್ ದಾಟಿ ಹೋಮ್ಸ್, ಹಮಾಗಳ ಮೂಲಕ ಇನ್ನೂ ಉತ್ತರಕ್ಕೆ ನಡೆಯಿತು. ಸೆಪ್ಟೆಂಬರ್ 19ರಿಂದ ಐದೂವರೆ ವಾರದಲ್ಲಿ ಕ್ರಮಿಸಿದ ದೂರ ಸುಮಾರು 900 ಕಿಲೋಮೀಟರ್. ಮಲೇರಿಯಾ, ಇನ್‌ಫ್ಲುಯೆಂಜಾ ಎರಡೂ ಹಿಂಬಾಲಿಸಿದ್ದವು. ಗುಂಡಿಗಿಂತ ಜ್ವರಕ್ಕೆ ಬಿದ್ದವರೇ ಹೆಚ್ಚು.

ಅಕ್ಟೋಬರ್ 26ರಂದು ಅಲೆಪ್ಪೊ ಸಿಕ್ಕಿತು. ಅದರ ಆಚೆ ಹರಿತಾನ್ ಹಳ್ಳಿಯ ಬಳಿ ಹಿಮ್ಮೆಟ್ಟುತ್ತಿದ್ದ ತುರ್ಕಿ ಪಡೆಯನ್ನು 15ನೇ ಬ್ರಿಗೇಡ್ ತಡೆದು ನಿಲ್ಲಿಸಲು ನೋಡಿತು. ಆ ಭಾಗದ ತುರ್ಕಿ ಸೇನೆಯನ್ನು ಮುನ್ನಡೆಸುತ್ತಿದ್ದವರು ಮುಸ್ತಫಾ ಕೆಮಾಲ್. ಮುಂದೆ ಅತಾತುರ್ಕ್ ಎಂದು ಹೆಸರಾದವರು. ಮೈಸೂರು ಲ್ಯಾನ್ಸರ್ಸ್ ಮುಂದಾಗಿ ನುಗ್ಗಿತು, ಜೋಧಪುರದ ಸ್ಕ್ವಾಡ್ರನ್‌ಗಳು ಬೆಂಬಲಿಸಿದವು. ಶತ್ರುವಿನ ಬಲ ಅಂದಾಜಿಗಿಂತ ಬಹಳ ಹೆಚ್ಚಿತ್ತು. ಈ ಬಾರಿ ವೇಗ ಸಾಕಾಗಲಿಲ್ಲ. 21 ಮಂದಿ ಸತ್ತರು, 56 ಮಂದಿ ಗಾಯಗೊಂಡರು. ಐದು ದಿನಗಳಲ್ಲಿ ಕದನವಿರಾಮ ಜಾರಿಗೆ ಬಂತು. ಹೈಫಾದ ಗೆಲುವಿಗೆ ಹಬ್ಬವಿದೆ. ಅದರ ಎರಡು ಪಟ್ಟಿಗೂ ಹೆಚ್ಚು ಜೀವ ತೆಗೆದ ಹರಿತಾನ್‌ಗೆ ಯಾವ ಹಬ್ಬವೂ ಇಲ್ಲ. ಮೈಸೂರಿನವರ ಸೇವೆಯನ್ನು ಅಳೆಯುವಾಗ ಇವೆರಡನ್ನೂ ಜೊತೆಯಲ್ಲಿಟ್ಟು ನೋಡುವುದು ನ್ಯಾಯ.

ಊರಿಗೆ ಮರಳದ ಕುದುರೆಗಳು

ಆಸ್ಟ್ರೇಲಿಯಾದ ಸಿಪಾಯಿ ಏರಿದ ಕುದುರೆಗೆ ‘ವೇಲರ್’ ಎಂದು ಹೆಸರು. ನ್ಯೂ ಸೌತ್ ವೇಲ್ಸ್ ಎಂಬ ಪ್ರಾಂತ್ಯದ ಹೆಸರಿನಿಂದ ಬಂದದ್ದು. ಈ ತಳಿಗೂ ನಮ್ಮ ನಾಡಿಗೂ ಹಳೆಯ ನಂಟಿದೆ. 19ನೇ ಶತಮಾನದಿಂದಲೇ ವೇಲರ್‌ಗಳನ್ನು ಹಡಗಿನಲ್ಲಿ ತಂದು ಮದ್ರಾಸ್, ಕಲ್ಕತ್ತಾಗಳಲ್ಲಿ ಇಳಿಸಿ ಭಾರತದ ಸೇನೆಗೆ ಮಾರಲಾಗುತ್ತಿತ್ತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಇದ್ದರೂ, ದೊಡ್ಡ ಸೇನೆಯೊಂದರ ಬೇಡಿಕೆಗೆ ನಮ್ಮ ನಾಡಿನ ಕುದುರೆಗಳಷ್ಟೇ ಸಾಲುತ್ತಿರಲಿಲ್ಲ.

ಯುದ್ಧಕ್ಕಾಗಿ ಆಸ್ಟ್ರೇಲಿಯಾ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಹೊರದೇಶಗಳಿಗೆ ಕಳಿಸಿತು. ಊರಿಗೆ ಮರಳಿದ್ದು ಒಂದೇ ಒಂದು: ಗಾಲಿಪೊಲಿಯಲ್ಲಿ ಗಾಯಗೊಂಡು ತೀರಿಕೊಂಡ ಜನರಲ್ ಬ್ರಿಡ್ಜಸ್ ಅವರ ‘ಸ್ಯಾಂಡಿ’. ರೋಗದ ಭಯ, ಹಡಗಿನ ಖರ್ಚು ಇವೆರಡೂ ಉಳಿದವುಗಳ ದಾರಿ ಮುಚ್ಚಿದವು. ಮುದಿಯಾದವನ್ನು, ದುರ್ಬಲವಾದವನ್ನು ಗುಂಡಿಟ್ಟು ಕೊಲ್ಲಲಾಯಿತು. ಗಟ್ಟಿಮುಟ್ಟಾದ ಸಾವಿರಾರು ಕುದುರೆಗಳು ಈಜಿಪ್ಟಿನ ಮತ್ತು ಭಾರತದ ಸೇನೆಗಳಿಗೆ ಹೋದವು. ಮರುಭೂಮಿಯಲ್ಲಿ ಎರಡು ಮೂರು ವರ್ಷ ಜೊತೆಗಿದ್ದ ಕುದುರೆಯನ್ನು ಹೀಗೆ ಬಿಟ್ಟುಹೋದ ಸಂಕಟ ಆಸ್ಟ್ರೇಲಿಯಾದ ಸಿಪಾಯಿಗಳ ಕಾಗದಪತ್ರಗಳಲ್ಲಿ ಉಳಿದುಕೊಂಡಿದೆ.

ಕಾಗದ ಉಳಿದವರು, ಉಳಿಯದವರು

ಮೈಸೂರಿನ ಸವಾರನಿಗೂ ಆಸ್ಟ್ರೇಲಿಯಾದ ಸವಾರನಿಗೂ ಇಂದು ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಮೊದಲ ಮಹಾಯುದ್ಧಕ್ಕೆ ಹೋದ ಆಸ್ಟ್ರೇಲಿಯಾದ ಒಬ್ಬೊಬ್ಬ ಸಿಪಾಯಿಯ ಸೇವಾ ಕಡತವನ್ನೂ ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಗಣಕೀಕರಿಸಿ ಉಚಿತವಾಗಿ ತೆರೆದಿಟ್ಟಿದೆ. ಸೇರಿದ ದಿನ, ಎತ್ತರ, ತೂಕ, ತಾಯಿಯ ವಿಳಾಸ, ಬಿದ್ದ ಗಾಯ, ಪಡೆದ ಶಿಕ್ಷೆ ಎಲ್ಲವೂ ಅದರಲ್ಲಿದೆ. ಮೊಮ್ಮಗನ ಮಗ ಮನೆಯಲ್ಲೇ ಕೂತು ಅದನ್ನು ಓದಬಹುದು.

ಮೈಸೂರಿನ ಸವಾರನ ನೆನಪಿಗಿರುವುದು ಮುಖ್ಯವಾಗಿ ಕಲ್ಲು ಮತ್ತು ಕಂಚು. ದೆಹಲಿಯಲ್ಲಿ ಲಿಯೊನಾರ್ಡ್ ಜೆನ್ನಿಂಗ್ಸ್ ರೂಪಿಸಿದ ಮೂರು ಕಂಚಿನ ಸೈನಿಕರ ಪ್ರತಿಮೆಗಳು 1920ರ ದಶಕದಿಂದ ನಿಂತಿವೆ. ಮೂರೂ ಕ್ರಮವಾಗಿ ಹೈದರಾಬಾದ್, ಜೋಧಪುರ, ಮೈಸೂರುಗಳನ್ನು ಪ್ರತಿನಿಧಿಸುತ್ತವೆ. ಅವುಗಳಿಂದಲೇ ಆ ಜಾಗಕ್ಕೆ ತೀನ್ ಮೂರ್ತಿ ಎಂಬ ಹೆಸರು ಬಂತು. 2018ರ ಜನವರಿಯಲ್ಲಿ ಅದು ತೀನ್ ಮೂರ್ತಿ ಹೈಫಾ ಚೌಕವಾಯಿತು. ಅದಕ್ಕೂ ಮುಂಚೆ 2017ರ ಜುಲೈ 6ರಂದು ಪ್ರಧಾನಿ ನರೇಂದ್ರ ಮೋದಿಯವರು ಹೈಫಾದ ಭಾರತೀಯ ಸ್ಮಶಾನಕ್ಕೆ ಭೇಟಿ ನೀಡಿದ್ದರು. ಈಜಿಪ್ಟ್, ಪ್ಯಾಲೆಸ್ಟೀನ್‌ಗಳಲ್ಲಿ ಮಡಿದ ಸುಮಾರು 4,000 ಭಾರತೀಯರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಕಟ್ಟಿದ ಸ್ಮಾರಕ ಮುಂದಿನ ಯುದ್ಧಗಳಲ್ಲಿ ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಹೊಸದಾಗಿ ಹೆಸರು ಕೆತ್ತಲಾಯಿತು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. ನಮ್ಮ ಹಳ್ಳಿಗಳಲ್ಲಿ ತುರು ಕಾಯುತ್ತ ಮಡಿದವನಿಗೆ ವೀರಗಲ್ಲು ನಿಲ್ಲಿಸುವ ಪದ್ಧತಿ ಸಾವಿರ ವರ್ಷಕ್ಕೂ ಹಳೆಯದು. ಈ ಸ್ತಂಭ ಅದೇ ಸಾಲಿನ ಹೊಸ ಕಾಲದ ವೀರಗಲ್ಲು. ತಂಪಾನೂರಿನಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರು ರಜೆಯ ಒಂದು ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು.

ತಿರುವಾಂಕೂರಿನ ನಂಟು

1920ರಲ್ಲಿ ಮೈಸೂರು ಲ್ಯಾನ್ಸರ್ಸ್ ಊರಿಗೆ ಮರಳಿತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾದಾಗ ಅವುಗಳ ಸೈನ್ಯಗಳೂ ವಿಲೀನವಾದವು. ಕುದುರೆ ದಳಗಳು ಸೇರಿ 1953ರಲ್ಲಿ ರೂಪುಗೊಂಡದ್ದೇ ಇಂದಿನ 61ನೇ ಅಶ್ವದಳ. ಮೈಸೂರಿನ ಪರಂಪರೆ ಅಲ್ಲಿ ಸೇರಿಹೋಯಿತು. ಮೈಸೂರಿನ ಕಾಲಾಳುಗಳು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆದರು. ಅದೇ ರೆಜಿಮೆಂಟಿನ 9ನೇ ಬೆಟಾಲಿಯನ್ ತನ್ನ ಮೂಲವನ್ನು 1704ರ ತಿರುವಾಂಕೂರು ನಾಯರ್ ಪಡೆಯವರೆಗೆ ಗುರುತಿಸುತ್ತದೆ. ಹೀಗೆ ಮೈಸೂರು ಅರಸರ ಸೈನಿಕನೂ ಪದ್ಮನಾಭ ದಾಸರಾದ ತಿರುವಾಂಕೂರು ಅರಸರ ಸೈನಿಕನೂ ಕೊನೆಗೆ ಒಂದೇ ರೆಜಿಮೆಂಟಿನ ಅಣ್ಣತಮ್ಮಂದಿರಾದರು.

ಕುದುರೆಯ ನಂಟೂ ಇಲ್ಲಿ ಪೂರ್ತಿ ಕಡಿದಿಲ್ಲ. ತಂಪಾನೂರಿಗೆ ಸ್ವಲ್ಪವೇ ದೂರದ ಕಣ್ಣೇಟ್ಟುಮುಕ್ಕಿನಲ್ಲಿ ಕೇರಳ ಪೊಲೀಸರ ಅಶ್ವಾರೂಢ ದಳದ ಲಾಯವಿದೆ. ಮೈಸೂರು ದಸರಾದ ಮೆರವಣಿಗೆಯಲ್ಲಿ ಕರ್ನಾಟಕದ ಪೊಲೀಸ್ ಕುದುರೆಗಳು ನಡೆಯುವಂತೆ, ಶ್ರೀ ಪದ್ಮನಾಭಸ್ವಾಮಿಯ ಆರಾಟ್ಟು ಮೆರವಣಿಗೆಯಲ್ಲಿ ಇಲ್ಲಿನ ಕುದುರೆಗಳು ಹೆಜ್ಜೆ ಹಾಕುತ್ತವೆ.

ಅಟ್ಟದ ಮೇಲಿನ ಪೆಟ್ಟಿಗೆ

ಅದು ಪರರ ಯುದ್ಧವಾಗಿತ್ತು ಎಂಬ ಮಾತಿನಲ್ಲಿ ಸತ್ಯವಿದೆ. ಹೈಫಾ ಗೆದ್ದ ಸವಾರ ತನ್ನ ದೇಶದಲ್ಲಿ ಸ್ವತಂತ್ರನಾಗಿರಲಿಲ್ಲ. ಗೆದ್ದ ಊರು ಬ್ರಿಟಿಷರ ಪಾಲಾಯಿತು. ಆದರೆ ಸಾಮ್ರಾಜ್ಯ ಯಾರದೇ ಆಗಿರಲಿ, ಕಾರ್ಮೆಲ್ ಬೆಟ್ಟ ಹತ್ತಿದ ಆ ಹದಿನೈದು ಮಂದಿಯ ಎದೆಗಾರಿಕೆ ಅವರದೇ. ಅವರನ್ನು ನೆನೆಯಲು ಆ ಯುದ್ಧವನ್ನು ಹೊಗಳಬೇಕಾಗಿಲ್ಲ.

ಕಡತಗಳು ಇಲ್ಲದ ಕಡೆ ಮನೆಗಳೇ ಪತ್ರಾಗಾರ. ಹಳೆಯ ಮೈಸೂರು ಸೀಮೆಯಿಂದ ಬಂದು ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ಕುಟುಂಬಗಳ ಹಳೆಯ ಪೆಟ್ಟಿಗೆಗಳಲ್ಲಿ ಮುತ್ತಜ್ಜನ ಪದಕವೊಂದು ಇದ್ದರೆ ಅದನ್ನು ಹಳೆಯ ಲೋಹವೆಂದು ತೂಕಕ್ಕೆ ಹಾಕುವ ಮುನ್ನ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್ ಎರಡರ ಅಂಚಿನಲ್ಲೂ ಪಡೆದವನ ಸಂಖ್ಯೆ, ಹೆಸರು, ದಳ ಕೆತ್ತಿರುತ್ತದೆ. 1914-15ರ ನಕ್ಷತ್ರ ಪದಕದಲ್ಲಿ ಹೆಸರು ಹಿಂಬದಿಗಿರುತ್ತದೆ. ವಾರ್ ಮೆಡಲ್ ಬೆಳ್ಳಿಯದಲ್ಲದೆ ಕಂಚಿನದಾಗಿದ್ದರೂ ಅದನ್ನು ಕಡೆಗಣಿಸಬಾರದು. ದಳದ ಜೊತೆ ಹೋಗಿ ಕುದುರೆಗೆ ಮೇವು ಹಾಕಿದ, ಅಡುಗೆ ಮಾಡಿದ, ನೀರು ಹೊತ್ತ ಚಾಕರಿಯವರಿಗೆ ಕೊಟ್ಟದ್ದು ಕಂಚಿನದು. ಅವರ ಹೆಸರು ಯಾವ ವಿಜಯಗಾಥೆಯಲ್ಲೂ ಬರುವುದಿಲ್ಲ. ಪದಕದ ಅಂಚಿನಲ್ಲಿ ಮಾತ್ರ ಇದೆ. ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ದಳದ ಹೆಸರು ಕೊಟ್ಟು ಯಾರೂ ಹುಡುಕಬಹುದು.

ರಾಜ್ಯೋತ್ಸವಕ್ಕೆ ಸೇರುವ ಸಂಘಗಳು ಅದಕ್ಕೆ ಐದಾರು ವಾರ ಮುಂಚೆ ಬರುವ ಸೆಪ್ಟೆಂಬರ್ 23ನ್ನೂ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬಹುದು. ದೊಡ್ಡ ಸಭೆ, ಹಾರ ತುರಾಯಿ ಬೇಕಾಗಿಲ್ಲ. ಸದಸ್ಯರ ಮನೆಗಳಲ್ಲಿರುವ ಪದಕ, ಹಳೆಯ ಫೋಟೊ, ಬಿಡುಗಡೆ ಪತ್ರಗಳನ್ನು ಒಂದು ಮೇಜಿನ ಮೇಲೆ ತಂದಿಟ್ಟು, ಹೆಸರು ಓದಿ, ನಕಲು ತೆಗೆದಿಟ್ಟರೆ ಸಾಕು. ಬೆಂಗಳೂರಿನ ಕಲ್ಲಿನ ಮೇಲೆ ಬರೀ ಹೆಸರಾಗಿ ಉಳಿದಿರುವ ಒಬ್ಬ ಸವಾರನಿಗಾದರೂ ಊರು, ಮನೆ, ಮುಖ ದೊರೆತಂತಾಗುತ್ತದೆ.